ನಲವತ್ತು ಸುತ್ತಿನ ಹೆಸರು

ಅಕ್ಷರದ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗುವುದಿಲ್ಲ ಎಂಬ ಜಂಬ ನನಗಿತ್ತು. ಅರಬ್ಬಿ ಬರಹದ ಒಂದು ಸಾಲು ತೋರಿಸಿದರೆ ಸಾಕು, ಬರೆದವರ ಕಲಮಿನ ಮೊನೆ ಎಷ್ಟು ಓರೆ, ಎಲ್ಲಿ ಉಸಿರು ತೆಗೆದುಕೊಂಡರು, ಎಲ್ಲಿ ಅವಸರಪಟ್ಟರು, ಎಲ್ಲ ಹೇಳಿಬಿಡುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಬರೆಯುವವಳು ಅಕ್ಕ. ನಾನು ಅವಳಿಗೆ ಕಾಗದ, ಮಸಿ, ಕಲಮು ಸಿದ್ಧ ಮಾಡಿಕೊಡುವವಳು. ಕಾಗದಕ್ಕೆ ಮೊಟ್ಟೆಯ ಬಿಳಿ ಮತ್ತು ಪಟಿಕದ ಲೇಪ ಹಚ್ಚಿ, ತಿಂಗಳುಗಟ್ಟಲೆ ಒಣಗಿಸಿ, ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ನನ್ನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಇಳಿದಿದೆ. ಅಕ್ಕನ ಹೆಸರು ದೊಡ್ಡ ದೊಡ್ಡ ಗ್ಯಾಲರಿಗಳ ಗೋಡೆಯ ಮೇಲಿತ್ತು. ನನ್ನ ಹೆಸರು ಕರೆಂಟ್ ಬಿಲ್ಲಿನ ಮೇಲಿತ್ತು.

ಹೊಟ್ಟೆಕಿಚ್ಚು ಇರಲಿಲ್ಲವೇ ಎಂದು ಕೇಳಿದರೆ, ಇತ್ತು. ಆದರೆ ಅವಳ ಅಕ್ಷರ ನೋಡಿದ ಕೂಡಲೇ ಅದು ಇಳಿದುಹೋಗುತ್ತಿತ್ತು.

ಅವಳು ಕೊನೆಗೆ ಕೈಗೆತ್ತಿಕೊಂಡದ್ದು ಐದಡಿ ಅಗಲದ ಒಂದು ಹಲಗೆ. ಅದಕ್ಕೆ ಅಂಟಿಸಿದ ಕಾಗದ ನಾನೇ ಮಾಡಿದ್ದು. ಅದರ ಮೇಲೆ ಒಂದೇ ಕರೆ, ಯಾ ಹಫೀಜ್, ಓ ಕಾಪಾಡುವವನೇ. ಹೊರ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಗೆ ಬರುತ್ತಾ, ಬೆರಳಗಲದ ನಲವತ್ತು ಸುತ್ತು. ದೂರದಿಂದ ನೋಡಿದರೆ ಕಪ್ಪು ನೀರಿನ ಸುಳಿ; ಹತ್ತಿರ ಹೋದರೆ ಸಾವಿರಾರು ಸಲ ಅದೇ ಹೆಸರು. ಒಂದು ಹೆಸರಿಗೆ ಒಂದು ಉಸಿರು, ಅದು ಅವಳ ಲೆಕ್ಕ. ಕೈಕಾಲು ಮುಖ ತೊಳೆದು ವುಜೂ ಮಾಡಿ ಕೂತರೆ ಮಧ್ಯಾಹ್ನದ ನಮಾಜಿನವರೆಗೆ ಏಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. "ಇದು ಚಿತ್ರ ಅಲ್ಲ ಕಣೇ, ಪ್ರಾರ್ಥನೆ. ನೋಡೋರಿಗೆ ಚಿತ್ರದ ಹಾಗೆ ಕಾಣ್ಸುತ್ತೆ ಅಷ್ಟೆ" ಎನ್ನುತ್ತಿದ್ದಳು.

ಮೂವತ್ತೊಂದನೆಯ ಸುತ್ತು ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದಳು. ಬಲಗೈ ಮುಂದೆ ಚಾಚಿದಳು. ಅದು ನಡುಗುತ್ತಿತ್ತು. ಸಣ್ಣಗೆ ಅಲ್ಲ, ನೀರಿನ ಲೋಟ ಕೊಟ್ಟಿದ್ದರೆ ಅರ್ಧ ನೆಲಕ್ಕೆ ಹೋಗುತ್ತಿತ್ತು. ಡಾಕ್ಟರು ನರದ ಕಾಯಿಲೆ ಎಂದಿದ್ದರಂತೆ.

"ಉಳಿದಿದ್ದು ನೀನು ಬರಿ" ಎಂದಳು. "ನನ್ನ ಹಾಗೇ ಬರಿ. ನಿನಗೆ ನನ್ನ ಕಲಮು ಗೊತ್ತು, ಉಸಿರು ಗೊತ್ತು. ಯಾರಿಗೂ ಹೇಳ್ಬೇಡ. ನನ್ನ ಮಗಳಿಗಂತೂ ಹೇಳಲೇಬೇಡ."

ನಮ್ಮ ಕಸುಬಿನಲ್ಲಿ ಇದು ಸಣ್ಣ ತಪ್ಪಲ್ಲ. ಗುರುವಿನ ಅಕ್ಷರವನ್ನು ಹಾಗೆಯೇ ಇಳಿಸುವುದು ಕಲಿಕೆ, ಅದರಲ್ಲಿ ದೋಷವಿಲ್ಲ. ಆದರೆ ಕೆಳಗೆ "ಇಂಥವರದನ್ನು ನೋಡಿ ಬರೆದದ್ದು" ಎಂದು ಬರೆಯಲೇಬೇಕು. ಬರೆಯದಿದ್ದರೆ ಅದು ಕಳವು. ನಮಗೆ ಕಲಮು ಹಿಡಿಯಲು ಕಲಿಸಿದ ಅಪ್ಪ ಬೇರೆ ಯಾವುದಕ್ಕೂ ಕೈ ಎತ್ತಿದವರಲ್ಲ, ಇದೊಂದಕ್ಕೆ ನನ್ನ ಬೆರಳಿಗೆ ಹೊಡೆದಿದ್ದರು. ಅದೆಲ್ಲ ಗೊತ್ತಿದ್ದೂ ನಾನು ಒಪ್ಪಿದೆ. ಅಕ್ಕನ ಮುಖ ನೋಡಿ ಇಲ್ಲ ಎನ್ನಲು ಆಗಲಿಲ್ಲ. ಸುಳ್ಳು ಯಾಕೆ, ಒಳಗೊಳಗೆ ಖುಷಿಯೂ ಆಯಿತು.

ಮೂವತ್ತೊಂದನೆಯ ಸುತ್ತನ್ನು ಮಾದರಿಯಾಗಿ ಇಟ್ಟುಕೊಂಡು ಒಳಗಿನ ಒಂಬತ್ತು ಸುತ್ತು ಬರೆದು ಮುಗಿಸಿದೆ. ನಡುವೆ ಅಂಗೈಯಷ್ಟು ಜಾಗದಲ್ಲಿ ಅಕ್ಕ ಸಹಿ ಹಾಕಬೇಕಿತ್ತು. ಅವಳ ಮಣಿಕಟ್ಟನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ, ಹಾಗಾಗಿ ಅದೂ ನಡುಗದೆ ಬಂತು. ಎಂಟು ವಾರ ಕಳೆಯುವಷ್ಟರಲ್ಲಿ ಅಕ್ಕ ತೀರಿಹೋದಳು.

ಅವಳ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂಬತ್ತಕ್ಕೆ ಹೋದರೆ ಸಂಜೆಗೇ ಬರುವುದು. ತಾಯಿ ಹೋದ ಮೇಲೆ ದಿನಾ ಕೆಲಸಕ್ಕೆ ಹೋಗುವ ಮೊದಲು ಕೋಣೆಗೆ ಬಂದು ಹಲಗೆಯ ನಡುಭಾಗವನ್ನೇ ನೋಡುತ್ತಾ ನಿಲ್ಲುತ್ತಿದ್ದಳು. "ಒಳಗಿನ ಸುತ್ತುಗಳೇ ನಂಗೆ ಇಷ್ಟ, ಚಿಕ್ಕಮ್ಮ" ಎಂದಿದ್ದಳು ಒಮ್ಮೆ. ತಾಯಿಯ ಕೊನೆಯ ಅಕ್ಷರ ಎಂದುಕೊಂಡು ಈ ಹುಡುಗಿ ನನ್ನ ಕಳ್ಳತನದ ಮುಂದೆ ನಿಂತು ದುಆ ಮಾಡುತ್ತಿದ್ದಾಳೆ! ನಿಜ ಹೇಳಿದರೆ ಅವಳಿಗೆ ಉಳಿದಿರುವ ತಾಯಿಯೂ ಹೋಗುತ್ತಾಳೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ಹೀಗಿರುವಾಗ ಗ್ಯಾಲರಿಯ ಮೇಡಂ ಬಂದರು. ಹದಿನೇಳು ದಿನದಲ್ಲಿ ಹಲಗೆಯನ್ನು ಒಯ್ಯುತ್ತೇವೆ, ಪ್ರದರ್ಶನದ ನಡುಗೋಡೆ ಇದಕ್ಕೇ ಮೀಸಲು ಎಂದರು. ಒಂದು ಕಾಗದ ಮುಂದಿಟ್ಟರು. ನಲವತ್ತೂ ಸುತ್ತು ಅಕ್ಕ ಒಬ್ಬಳೇ, ಒಂದೇ ಕೈಯಿಂದ ಬರೆದದ್ದು ಎಂದು ಮನೆಯ ಇಬ್ಬರು ಸಾಕ್ಷಿ ಹಾಕಬೇಕಿತ್ತು. ನಾನು ಹಾಕಿದೆ. ಅಕ್ಕನ ಮಗಳು ಪೆನ್ನು ಹಿಡಿದು ಆ ಕಾಗದವನ್ನು ಎರಡು ಸಲ ಓದಿ, ಆಮೇಲೆ ಹಾಕಿದಳು. ಪಾಪ, ಅಮ್ಮನ ನೆನಪು ಎಂದುಕೊಂಡೆ.

ಮಾರನೆಯ ದಿನ ಹತ್ತು ಗಂಟೆಗೆ ಅಡುಗೆಮನೆಯಲ್ಲಿದ್ದೆ. ಕೋಣೆಯಿಂದ ಕಲಮಿನ ಸದ್ದು ಬಂತು. ಒಣ ಜೊಂಡಿನ ಮೊನೆ ಕಾಗದದ ಮೇಲೆ ಎಳೆಯುವ ಕಿರ್ ಕಿರ್ ಸದ್ದು, ಹುಟ್ಟಿದಾಗಿನಿಂದ ಕೇಳಿದ್ದು. ಅಕ್ಕ ಕೂತಿದ್ದಾಳೆ ಎಂದುಕೊಂಡು ಚಹಾಕ್ಕೆ ನೀರಿಟ್ಟೆ. ನೀರು ಕುದಿಯುವಾಗ ನೆನಪಾಯಿತು, ಅಕ್ಕ ಇಲ್ಲ.

ಓಡಿಹೋದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಬಿಸಿಲು ಎಂದಿನಂತೆ ಹಲಗೆಯ ಮೇಲೆ ಬಿದ್ದಿತ್ತು. ನಲವತ್ತನೆಯ ಸುತ್ತು ಇರಲಿಲ್ಲ.

ಒರೆಸಿದ್ದರೆ ಗುರುತು ಸಿಗುತ್ತದೆ. ನಮ್ಮ ಮಸಿ ಲೇಪದ ಮೇಲೆ ಕೂರುತ್ತದೆ, ಒದ್ದೆ ಬಟ್ಟೆಯಿಂದ ತೆಗೆಯಬಹುದು, ಆದರೆ ತೆಗೆದ ಕಡೆ ಹೊಳಪು ಮಂಕಾಗುತ್ತದೆ. ಭೂತಗನ್ನಡಿ ಹಿಡಿದು ಮೂಗು ತಾಗಿಸಿ ನೋಡಿದೆ. ನಾನು ಕಲ್ಲಿನಿಂದ ತಿಕ್ಕಿ ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಅಲ್ಲಿ ಯಾರೂ ಯಾವತ್ತೂ ಏನೂ ಬರೆದೇ ಇರಲಿಲ್ಲ.

ಮೊದಲು ಬಂದದ್ದು ಭಯವಲ್ಲ, ಕೋಪ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತೇವ ಇರಬೇಕು, ಲೇಪ ಸರಿಯಾಗಿಲ್ಲ, ನನ್ನದೇ ಕೈಗುಣ ಎಂದು ಬೈದುಕೊಂಡು, ಅಕ್ಕನ ಓರೆಯಲ್ಲೇ ಕಲಮು ಕತ್ತರಿಸಿ ಇಡೀ ಸುತ್ತನ್ನು ಮತ್ತೆ ಬರೆದೆ. ಕೈ ತೊಳೆದು ಬರುವಷ್ಟರಲ್ಲಿ ಅದು ಹೋಗಿತ್ತು. ಮರುದಿನ ಅದೇ ಹೊತ್ತಿಗೆ ಅದರಾಚೆಯ ಸುತ್ತೂ ಹೋಯಿತು.

ಕೋಣೆಗೆ ಬೀಗ ಹಾಕಿದೆ. ಅಕ್ಕನ ಮಗಳಿಗೆ "ಮೇಲಿಂದ ಒಂದು ಪದರ ಬಳಿದಿದೀನಿ, ಧೂಳು ಕೂರಬಾರದು, ಒಳಗೆ ಹೋಗ್ಬೇಡ" ಎಂದೆ. ಅವಳು ಯಾಕೆ, ಏನು ಎಂದು ಕೇಳಲೇ ಇಲ್ಲ. ಸದ್ಯ ಬದುಕಿದೆ ಅನ್ನಿಸಿತು.

ಮೂರನೆಯ ದಿನ ಹಲಗೆಯ ಎದುರೇ ಕುರ್ಚಿ ಹಾಕಿಕೊಂಡು ಕೂತೆ. ಹತ್ತಾಯಿತು. ಸದ್ದು ಶುರುವಾಯಿತು. ಮೂವತ್ತೆಂಟನೆಯ ಸುತ್ತಿನ ಕೊನೆಯ ಅಕ್ಷರದ ಮೇಲಿನ ಚುಕ್ಕೆ ಹಸಿಯಾಯಿತು, ಆಗಷ್ಟೇ ಇಟ್ಟ ಮಸಿಯ ಹಾಗೆ ಹೊಳೆಯಿತು. ನಾವು ಚುಕ್ಕೆಗಳನ್ನು ಕೊನೆಗೆ ಇಡುತ್ತೇವೆ. ಅದು ಮೊದಲು ಹೋಯಿತು. ಆಮೇಲೆ ಅಕ್ಷರದ ಬಾಲ ಹಸಿಯಾಗಿ, ತುದಿಯಿಂದ ಬುಡಕ್ಕೆ ಸರಿಯುತ್ತಾ ಹೋಯಿತು. ಬಲದಿಂದ ಎಡಕ್ಕೆ ಬರೆದ ಹೆಸರು ಎಡದಿಂದ ಬಲಕ್ಕೆ ಬಿಚ್ಚಿಕೊಳ್ಳುತ್ತಿತ್ತು. ನಾನು ಎಲ್ಲಿ ಉಸಿರು ಬಿಟ್ಟಿದ್ದೆನೋ ಅಲ್ಲಿ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ಬರೆದದ್ದನ್ನು ಯಾರೋ ಎದುರು ಕೂತು ಕೊನೆಯಿಂದ ಮೊದಲಿಗೆ ಓದುತ್ತಿದ್ದಾರೆ, ಒಂದೂ ಬಿಡದೆ.

ನಾಲ್ಕನೆಯ ದಿನ ಮಧ್ಯಾಹ್ನ ಚೌಕಟ್ಟಿನ ಮೇಸ್ತ್ರಿ ಬಂದ. ಅವನನ್ನು ಬೀದಿಯವರೆಲ್ಲ ಮಿಲಿಮೀಟರ್ ಎಂದೇ ಕರೆಯುವುದು. ಹೆಂಡತಿ ಹಾಕಿದ ರೊಟ್ಟಿಯನ್ನೂ ಅಳೆದು ತಿನ್ನುತ್ತಾನೆ ಎಂದು ಆಡಿಕೊಳ್ಳುತ್ತಾರೆ. ಅಳತೆ ಬೇಕಾಗಿಲ್ಲ ಎಂದು ಬಾಗಿಲಲ್ಲೇ ತಡೆದೆ. ಬಿಡುವ ಆಸಾಮಿಯಲ್ಲ, ಬೆಳಿಗ್ಗೆ ನಾನು ಬೀಗ ತೆಗೆದಿದ್ದ ಕೋಣೆಗೆ ನುಗ್ಗಿ ಟೇಪು ಹಿಡಿದ. ಹಿಡಿದವನು ಹಾಗೇ ನಿಂತ. ಜೇಬಿನಿಂದ ಪುಸ್ತಕ ತೆಗೆದು ನೋಡಿದ.

"ಏನಮ್ಮಾ ಇದು? ಹೋದ ವಾರ ನಡುವಿನ ಖಾಲಿ ಜಾಗ ತೊಂಬತ್ತು ಮಿಲಿಮೀಟರ್. ಇಲ್ಲೇ ಬರ್ಕೊಂಡಿದೀನಿ. ಈಗ ಇನ್ನೂರ ಇಪ್ಪತ್ತಾರು."

"ತಪ್ಪು ಅಳೆದಿರ್ತೀರಿ."

"ನಾನಾ?" ಎಂದ. ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ. ಅವತ್ತು ಟೇಪು ಸುತ್ತಿಕೊಂಡು, ಹಲಗೆಗೆ ಬೆನ್ನು ಹಾಕದೆ ಹಿಂದಹಿಂದಕ್ಕೇ ನಡೆದು ಹೊರಗೆ ಹೋದ. ಆಮೇಲೆ ಫೋನ್ ಮಾಡಿದರೂ ಎತ್ತಲಿಲ್ಲ.

ನನಗೆ ತಲೆ ಕೆಟ್ಟಿಲ್ಲ ಎಂದು ಅದರಿಂದ ಖಾತ್ರಿಯಾಯಿತು. ತಲೆ ಕೆಟ್ಟಿದ್ದರೇ ಚೆನ್ನಾಗಿತ್ತು. ಕೂತು ಯೋಚಿಸಿದೆ. ಹೋಗುತ್ತಿರುವುದೆಲ್ಲ ನಾನು ಬರೆದದ್ದು. ಒಂಬತ್ತು ಸುತ್ತು, ಒಂಬತ್ತು ದಿನ. ನನ್ನ ಕಳವು ಪೂರ್ತಿ ಹೋದ ಮೇಲೆ ತಾನಾಗೇ ನಿಲ್ಲುತ್ತದೆ, ಅಕ್ಕನ ಮೂವತ್ತೊಂದು ಉಳಿಯುತ್ತವೆ. ನನ್ನದು ಹೋದರೆ ಹೋಗಲಿ, ನಾನು ಲೋಕದಲ್ಲಿ ಏನು ದೊಡ್ಡ ಗುರುತು ಬಿಟ್ಟುಹೋಗಬೇಕಿದೆ? ಅಕ್ಕನದು ಉಳಿದರೆ ಸಾಕು. ಹಾಗೆಂದು ಹೇಳಿಕೊಂಡು ದಿನಾ ಹತ್ತು ಗಂಟೆಗೆ ಕುರ್ಚಿಯಲ್ಲಿ ಕೂತು ನನ್ನ ಅಕ್ಷರಗಳಿಗೆ ವಿದಾಯ ಹೇಳಿದೆ. ಒಂಬತ್ತನೆಯ ದಿನ ಮೂವತ್ತೆರಡನೆಯ ಸುತ್ತು ಹೋದಾಗ ಅಳು ಬಂತು, ಜೊತೆಗೆ ಮನಸ್ಸು ಹಗುರವೂ ಆಯಿತು.

ಹತ್ತನೆಯ ದಿನ ಕೋಣೆಗೆ ಹೋಗಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಕಿಟಕಿಯಿಂದ ಕಿರ್ ಕಿರ್ ಸದ್ದು ಬಂತು.

ಒಗೆಯುತ್ತಿದ್ದ ಬಟ್ಟೆ ಕೈಯಲ್ಲೇ ಇತ್ತು, ಹಾಗೇ ಓಡಿ ಬೀಗ ತೆಗೆದೆ. ಮೂವತ್ತೊಂದನೆಯ ಸುತ್ತು, ಅಕ್ಕನ ಸುತ್ತು, ನಾನು ಪಕ್ಕದಲ್ಲೇ ಕೂತು ಅಕ್ಷರ ಅಕ್ಷರ ನೋಡಿ ಕಲಿತ ಸುತ್ತು ಬಿಚ್ಚಿಕೊಳ್ಳುತ್ತಿತ್ತು. "ಬೇಡ! ಅದು ಅವಳದು!" ಎಂದು ಖಾಲಿ ಕೋಣೆಯಲ್ಲಿ ಕಿರುಚಿದೆ. ಅಂಗೈ ಅಡ್ಡ ಇಟ್ಟೆ. ಕಾಗದ ಬೆಚ್ಚಗಿತ್ತು. ಕೈಯ ಕೆಳಗೇ ಏನೋ ಸರಿದು ಹೋಯಿತು. ಕೈ ತೆಗೆದರೆ ಅಂಗೈಗೆ ಒಂದು ಹನಿ ಮಸಿಯೂ ಅಂಟಿರಲಿಲ್ಲ.

ನನ್ನ ಸುಳ್ಳಿಗೆ ಅಕ್ಕ ದಂಡ ತೆರುತ್ತಿದ್ದಾಳೆ ಎಂದೇ ನಾನು ತಿಳಿದದ್ದು. ನಾನು ಬಾಯಿ ಬಿಡುವವರೆಗೆ ಇದು ನಿಲ್ಲುವುದಿಲ್ಲ, ಹೊರ ಅಂಚಿನವರೆಗೂ ಹೋಗಿ ಅಕ್ಕ ಇದ್ದದ್ದೇ ಸುಳ್ಳು ಎಂಬ ಹಾಗೆ ಮಾಡಿಬಿಡುತ್ತದೆ. ಸಂಜೆ ಅಕ್ಕನ ಮಗಳು ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಎದುರು ನಿಂತೆ. ಚಹಾ ಕೊಟ್ಟು ನಿಧಾನವಾಗಿ ಹೇಳೋಣ ಎಂದುಕೊಂಡಿದ್ದೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ಒಳಗಿನ ಒಂಬತ್ತು ಸುತ್ತು ನಿಮ್ಮಮ್ಮ ಬರೆದಿದ್ದಲ್ಲ. ನಾನು ಬರೆದಿದ್ದು. ಅವಳ ಕೈ ನಡುಗ್ತಿತ್ತು. ಸಾಕ್ಷಿ ಹಾಕಿದ್ದು ಸುಳ್ಳು. ಆ ಒಂಬತ್ತೂ ಹೋಯ್ತು. ಇವತ್ತು ಅವಳ ಸುತ್ತೂ ಹೋಗೋಕೆ ಶುರುವಾಗಿದೆ. ಬೈಯೋದಿದ್ರೆ ಬೈದುಬಿಡು."

ಅವಳು ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತಳು.

"ಇವತ್ತು ಹೋಗಿದ್ದು ಎಷ್ಟನೇದು, ಚಿಕ್ಕಮ್ಮ?"

"ಮೂವತ್ತೊಂದು."

"ಅದು ಅಮ್ಮಂದಲ್ಲ" ಎಂದಳು. "ನಂದು."

ನನಗೆ ಅರ್ಥವಾಗಲಿಲ್ಲ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. ಅಕ್ಕನ ಕೈ ನಡುಗಲು ಶುರುವಾದದ್ದು ನನಗೆ ತೋರಿಸಿದ ದಿನವಲ್ಲ, ಅದಕ್ಕೂ ಎಷ್ಟೋ ತಿಂಗಳ ಮೊದಲು. ನಾನು ಹೊರಗೆ ಹೋದ ಹೊತ್ತು ನೋಡಿ ಮಗಳನ್ನು ಕೂರಿಸಿಕೊಂಡು ಬರೆಸುತ್ತಿದ್ದಳು. ಇಪ್ಪತ್ತೇಳರಿಂದ ಮೂವತ್ತೊಂದರವರೆಗೆ, ಐದು ಸುತ್ತು. ಆಮೇಲೆ ಅಂಗಡಿಯ ಕೆಲಸ ಸಿಕ್ಕಿತು, ಹಗಲು ಬಿಡುವಿರಲಿಲ್ಲ. ಆಗ ಅಕ್ಕ ನನ್ನನ್ನು ಕರೆದಳು.

"ಚಿಕ್ಕಮ್ಮನಿಗೆ ಹೇಳ್ಬೇಡ, ಅವಳಿಗೆ ನನ್ನ ಅಕ್ಷರ ಅಂದ್ರೆ ಪ್ರಾಣ, ಗೊತ್ತಾದ್ರೆ ಒಡೆದುಹೋಗ್ತಾಳೆ ಅಂದ್ರು. ಆಣೆ ಹಾಕಿಸ್ಕೊಂಡ್ರು." ಅವಳು ಕಣ್ಣೊರೆಸಿಕೊಂಡಳು. "ಕೊನೇ ಒಂಬತ್ತು ನಿಮ್ಮದು ಅಂತ ನಂಗೆ ಗೊತ್ತಿತ್ತು. ಅಮ್ಮನಿಗೆ ಊಟ ಮಾಡಿಸ್ತಿದ್ದಿದ್ದು ನಾನಲ್ವಾ? ಚಮಚ ಹಿಡಿಯಕ್ಕಾಗದ ಕೈ ಕಲಮು ಹಿಡಿಯುತ್ತಾ? ಅದಕ್ಕೇ ನಂಗೆ ಒಳಗಿನ ಸುತ್ತು ಇಷ್ಟ ಅಂದಿದ್ದು. ಅವು ನಿಮ್ಮವು ಅಂತ. ಹೋಗ್ತಿರೋದೂ ಗೊತ್ತು. ದಿನಾ ಬೆಳಿಗ್ಗೆ ಕಿಟಕಿಯಿಂದ ನೋಡಿ ಎಣಿಸ್ತಿದ್ದೆ. ನನ್ನವು ಯಾವಾಗ ಬರುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ."

ನಾನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅಕ್ಕನ ಕೈ ಎಂದು ಎದುರಿಗಿಟ್ಟುಕೊಂಡು, ಉಸಿರಿಗೆ ಉಸಿರು ಸೇರಿಸಿ ನಾನು ನಕಲು ಮಾಡಿದ್ದು ಈ ಹುಡುಗಿಯ ನಕಲನ್ನು. ಒಂದು ಸಾಲು ನೋಡಿ ಬರೆದವರ ಜಾತಕ ಹೇಳುವ ಹೆಂಗಸು! ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಆಮೇಲೆ ಅಕ್ಕನ ಮೇಲೆ ಸಿಟ್ಟು ಬಂತು. ಒಂದೇ ಸೂರಿನಡಿ ನಮ್ಮಿಬ್ಬರನ್ನೂ ಬೇರೆ ಬೇರೆ ಕಳ್ಳರನ್ನಾಗಿ ಮಾಡಿ, ತಾನು ಆರಾಮವಾಗಿ ಹೋಗಿ ಮಲಗಿದ್ದಾಳೆ.

ಅವತ್ತೇ ಗ್ಯಾಲರಿಯ ಮೇಡಂಗೆ ಫೋನ್ ಮಾಡಿ ಸಾಕ್ಷಿ ವಾಪಸ್ ತೆಗೆದುಕೊಂಡೆವು. "ಒಂದೇ ಕೈ ಅಲ್ಲ" ಎಂದೆ. "ಹಾಗಾದ್ರೆ ಯಾರ ಯಾರ ಕೈ?" ಎಂದು ಅವರು ಕೇಳಿದರು. ಹಲಗೆ ಈಗ ಬರುವುದಿಲ್ಲ, ಕೆಲಸ ಬಾಕಿ ಇದೆ ಎಂದಷ್ಟೇ ಹೇಳಿದೆ. ಅವರು ನೊಂದುಕೊಂಡರು. ನೊಂದುಕೊಳ್ಳಲಿ.

ಅಂಗಡಿಗೆ ರಜೆ ಹಾಕಿ ಅವಳೂ ನನ್ನ ಜೊತೆ ಕೂರತೊಡಗಿದಳು. ನಾಲ್ಕು ಬೆಳಿಗ್ಗೆ, ನಾಲ್ಕು ಸುತ್ತು ಹೋದವು. ಒಂದೊಂದು ಹೋಗುವಾಗಲೂ ಅವಳು ಮೆಲ್ಲಗೆ ಹೇಳುತ್ತಿದ್ದಳು, ಇಲ್ಲಿ ಅಮ್ಮ ಗದರಿದ್ದರು, ಇಲ್ಲಿ ನಂಗೆ ಸೀನು ಬಂದಿತ್ತು. ಸದ್ದು ಅಲ್ಲೆಲ್ಲ ತಡೆದು ತಡೆದು ಮುಂದೆ ಹೋಗುತ್ತಿತ್ತು, ಕೇಳಿಸಿಕೊಳ್ಳುವವರ ಹಾಗೆ.

ಹದಿನೈದನೆಯ ಬೆಳಿಗ್ಗೆ ಒಳಗೆಲ್ಲ ಖಾಲಿಯಾಗಿತ್ತು. ಆಚೆ ಇಪ್ಪತ್ತಾರನೆಯ ಸುತ್ತಿನಿಂದ ಹೊರಕ್ಕೆ ಕಪ್ಪು, ನಡುವೆ ಒಂಟಿಯಾಗಿ ಆ ಸಹಿ. ಇವತ್ತು ನಿಲ್ಲದಿದ್ದರೆ ಅಕ್ಕ ಇಲ್ಲ. ನಾವಿಬ್ಬರೂ ಕೈ ಕೈ ಹಿಡಿದು ಕೂತೆವು. ಹತ್ತಾಯಿತು. ಸದ್ದು ಶುರುವಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ಚಿಕ್ಕಮ್ಮ, ಸುತ್ತು ಅಲ್ಲ, ಸಹಿ" ಎಂದಳು ಅವಳು.

ನೋಡಿದೆ. ನಡುವೆ ಅಕ್ಕನ ಹೆಸರು ಹಸಿಯಾಗಿ ಹೊಳೆಯುತ್ತಿತ್ತು, ಬಾಲದಿಂದ ತಲೆಗೆ ಸರಿದು ಮುಗಿಯಿತು. ನಾನು ಮಣಿಕಟ್ಟು ಹಿಡಿದು ಹಾಕಿಸಿದ ಸಹಿ. ಅದನ್ನೂ ಅಕ್ಕ ಇಟ್ಟುಕೊಳ್ಳಲಿಲ್ಲ. ಸದ್ದು ನಿಂತಿತು. ಇಪ್ಪತ್ತಾರನೆಯ ಸುತ್ತು ಹಾಗೇ ಇತ್ತು, ಒಂದು ಚುಕ್ಕೆಯೂ ಅಲುಗಿರಲಿಲ್ಲ. ಸಂಜೆವರೆಗೆ ಕಾದೆವು, ಮರುದಿನವೂ ಕಾದೆವು. ಇನ್ನೇನೂ ಹೋಗಲಿಲ್ಲ.

ಅಕ್ಕನ ಮಗಳೇ ಹೇಳಿದಳು. "ಬರೆಯೋಣ ಚಿಕ್ಕಮ್ಮ. ಈ ಸಲ ನಮ್ಮ ನಮ್ಮ ಹಾಗೆ." ಅವಳು ತನ್ನ ಕೈಗೆ ಹಿಡಿಸುವ ಓರೆಯಲ್ಲಿ ಕಲಮು ಕತ್ತರಿಸಿಕೊಂಡು ಕೂತಳು. ಅವಳ ಇಪ್ಪತ್ತೇಳನೆಯ ಸುತ್ತು ಚುರುಕಾಗಿ, ಸ್ವಲ್ಪ ಮುಂದಕ್ಕೆ ಬಾಗಿಕೊಂಡು ಬಂತು. ನನಗೆ ಇಪ್ಪತ್ತೆಂಟು. ಕಲಮು ಅದ್ದಿದೆ, ಕೈ ಅಲ್ಲೇ ನಿಂತಿತು. ನನ್ನದು ಎನ್ನುವ ಅಕ್ಷರ ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಕೈ ತಾನಾಗಿ ಅಕ್ಕನ ಓರೆಗೇ ವಾಲುತ್ತಿತ್ತು. ಐವತ್ತೆರಡು ವರ್ಷದ ಹೆಂಗಸು ಅಕ್ಷರಾಭ್ಯಾಸದ ಮಗುವಿನ ಹಾಗೆ ಬೆವರಿದೆ. ಬಂದದ್ದು ಮೊಂಡಾಗಿತ್ತು, ದಪ್ಪವಾಗಿತ್ತು, ಅಲ್ಲಲ್ಲಿ ಸಿಟ್ಟು ಮಾಡಿಕೊಂಡ ಹಾಗಿತ್ತು.

"ಥೇಟ್ ನೀವೇ" ಎಂದು ಅವಳು ನಕ್ಕಳು. ನನಗೂ ಹಾಗೇ ಅನ್ನಿಸಿತು. ಕೆಟ್ಟದಾಗಿತ್ತು, ಆದರೆ ನನಗೆ ಅದರ ಮೇಲೆ ಮಮತೆ ಹುಟ್ಟಿತು.

ಮರುದಿನ ಹತ್ತು ಗಂಟೆಗೆ ಇಬ್ಬರಿಗೂ ಕೋಣೆಗೆ ಹೋಗುವ ಧೈರ್ಯ ಇರಲಿಲ್ಲ. ಅಡುಗೆಮನೆಯಲ್ಲೇ ಕೂತೆವು. ಸದ್ದು ಬಂತು. ಆದರೆ ಎಂದಿನ ಸದ್ದಲ್ಲ. ಎಳೆದು, ನಿಂತು, ತೊದಲಿ, ಮತ್ತೆ ಎಳೆಯುವ ಸದ್ದು. ಒಂದು ಹೆಸರಿಗೆ ಅಷ್ಟು ಹೊತ್ತು ಹಿಡಿಯುವುದನ್ನು ನಾನು ಕೇಳಿಯೇ ಇರಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅದು ನಿಂತಿತು. ನಾವು ಎದ್ದು ಹೋದೆವು.

ಅವಳ ಸುತ್ತು ಇತ್ತು. ನನ್ನ ಸುತ್ತೂ ಇತ್ತು. ಅದರ ಒಳಗೆ ಇನ್ನೊಂದು ಸುತ್ತು ಇತ್ತು, ಇಪ್ಪತ್ತೊಂಬತ್ತನೆಯದು. ಅದರ ಒಂದೊಂದು ಅಕ್ಷರವೂ ನಡುಗುತ್ತಿತ್ತು. ಗೆರೆಗಳು ಅಂಕುಡೊಂಕಾಗಿ, ಚುಕ್ಕೆಗಳು ದಾರಿ ತಪ್ಪಿ ದೂರ ಬಿದ್ದು, ಯಾ ಹಫೀಜ್, ಯಾ ಹಫೀಜ್, ಒಂದೂ ಬಿಡದೆ ಸುತ್ತು ಪೂರ್ತಿಯಾಗಿತ್ತು. ಅಕ್ಕ ಲೋಕದಿಂದೆಲ್ಲ, ಕೊನೆಗೆ ನಮ್ಮಿಂದಲೂ ಮುಚ್ಚಿಡಲು ನೋಡಿದ ಅಕ್ಷರ ಅದು.

ನಾನು ಅಲ್ಲೇ ನಿಂತು ಜೋರಾಗಿ ಅತ್ತೆ. "ಇದನ್ನ ಬದುಕಿದ್ದಾಗ ಬರೆದಿದ್ರೆ ಏನಾಗ್ತಿತ್ತೇ ನಿನಗೆ" ಎಂದು ಬೈದೆ. ಅಕ್ಕನ ಮಗಳು ಮುಟ್ಟದೆ, ಬೆರಳನ್ನು ಅಕ್ಷರಗಳ ಮೇಲೆ ಗಾಳಿಯಲ್ಲೇ ಆಡಿಸುತ್ತಾ ಮೊದಲಿನಿಂದ ಓದತೊಡಗಿದಳು. ಕೊನೆಯ ಅಕ್ಷರದ ಹತ್ತಿರ ನಿಂತಳು. ಅದು ಇನ್ನೂ ಹಸಿಯಾಗಿತ್ತು.

ಇನ್ನು ಹನ್ನೊಂದು ಸುತ್ತು ಬಾಕಿ ಇವೆ. ಇವತ್ತು ಅಕ್ಕನ ಮಗಳ ಸರದಿ, ನಾಳೆ ನನ್ನದು. ನಾಡಿದ್ದು ಬೆಳಿಗ್ಗೆ ನಾವಿಬ್ಬರೂ ಕೋಣೆಯ ಕಡೆ ಹೋಗುವುದಿಲ್ಲ. ಹಿಂದಿನ ರಾತ್ರಿಯೇ ಮಸಿ ಕುಡಿಕೆಯ ಮುಚ್ಚಳ ತೆಗೆದಿಟ್ಟು ಬರುತ್ತೇವೆ.